ಲೈಪ್‌ಜಿಗ್ ನಗರದ ಭಾನುವಾರಗಳು

ಕರ್ಮಗಳನ್ನು ನಿತ್ಯವೆಂದೂ ನೈಮಿತ್ತಿಕವೆಂದೂ ವಿಂಗಡಿಸುವ ಪದ್ಧತಿ ಬಹು ಪ್ರಾಚೀನವಾದುದು. ಇವೆರಡರಲ್ಲಿ ಯಾವುದು ಕಠಿನವೆಂದು ಕೇಳಿದರೆ ಸಾಮಾನ್ಯರು ನೈಮಿತ್ತಿಕವೆಂದೇ ಉತ್ತರ ಕೊಡುವರು. ವಿವಾಹಕ್ಕಾಗಲಿ ರಥೋತ್ಸವಕ್ಕಾಗಲಿ ತಿಂಗಳುಗಟ್ಟಲೆ ನಡೆಯುವ ಸನ್ನಾಹ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ತಪ್ಪದೆ ಮರಳಿ ಮರಳಿ ಬರುವ ಕರ್ಮದ ಕಷ್ಟ ಬೇರೊಂದು ಬಗೆಯದು. ಉತ್ಸವ ಮುಗಿದ ಬಳಿಕ ವಿಶ್ರಾಂತಿಯುಂಟು, ನಿತ್ಯಕರ್ಮಕ್ಕೆ ಅದಿಲ್ಲ. ಇಂದಿನದು ಮುಗಿಯುವಷ್ಟರಲ್ಲಿಯೇ ಮುಂದಿನದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಕ್ರೈಸ್ತರ ಭಾನುವಾರದ ಆರಾಧನೆಯು ಇಂಥದೊಂದು ಕರ್ಮ. ಅಂದು ಸೇರುವ ಭಕ್ತಜನರು ಕಾಣುವುದು ಎರಡು ಮೂರು ಗಂಟೆಗಳ ಕಾರ್ಯವನ್ನು ಮಾತ್ರ. ಅದರ ಹಿಂದಿನ ಆರು ದಿನಗಳನ್ನೂ, ಆ ಆರು ದಿನಗಳ ಹಿಂದಿನ ಮಾಸಗಳನ್ನೂ ಕಾಣುವವರು ವಿರಳ. ಆ ಕಾಣದ ಭಾಗದ ಸ್ವರೂಪವೇನೆಂಬುದನ್ನು ಹದಿನೆಂಟನೆಯ ಶತಮಾನದ ಜರ್ಮನಿಯ ಒಂದು ನಗರದ, ಒಬ್ಬ ಶಾಲಾಧ್ಯಾಪಕನ ವೃತ್ತಾಂತದಿಂದ ತಿಳಿಯಬಹುದು. ನಗರ ಲೈಪ್‌ಜಿಗ್, ಅಧ್ಯಾಪಕನು ಯೋಹಾನ್ ಸೆಬಾಸ್ಟಿಯನ್ ಬಾಖ್.

ಕ್ರೈಸ್ತಮತದ ಆದಿಕಾಲದಲ್ಲಿ ವಾರದ ಆರಾಧನೆಗೆ ಇಷ್ಟೊಂದು ನಿಯಮವಿದ್ದಂತೆ ತೋರುವುದಿಲ್ಲ. ಎರಡನೆಯ ಶತಮಾನದ ನಡುವಿನಲ್ಲಿ ರೋಮಾಪುರಿಯಲ್ಲಿದ್ದ ಜಸ್ಟಿನ್ ಎಂಬ ಧರ್ಮವೀರನು ಭಾನುವಾರದ ಕೂಟವನ್ನು ವರ್ಣಿಸುತ್ತ, ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳನ್ನು ಸಮಯವಿರುವಷ್ಟು ಹೊತ್ತು ಓದುತ್ತಿದ್ದರೆಂದು ತಿಳಿಸಿದ್ದಾನೆ. ಕಾಲಕ್ರಮದಲ್ಲಿ ಇಂಥ ಭಾನುವಾರಕ್ಕೆ ಇಂಥದೇ ವಾಚನವೆಂಬ ವ್ಯವಸ್ಥೆ ನೆಲೆಗೊಂಡಿತು. ಒಂದೊಂದು ವಾರಕ್ಕೂ ಅಪೊಸ್ತಲರ ಪತ್ರಿಕೆಯಿಂದ ಒಂದು ಭಾಗ, ಸುವಾರ್ತೆಯಿಂದ ಒಂದು ಭಾಗ ನಿಯತವಾದುವು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ರೋಮಿನ ಸಭೆಯಿಂದ ಬೇರೆಯಾದಾಗ ಆರಾಧನೆಯ ಭಾಷೆಯಲ್ಲಿಯೂ ಅರ್ಥದಲ್ಲಿಯೂ ಅನೇಕ ಮಾರ್ಪಾಡುಗಳನ್ನು ಮಾಡಿದನು. ಆದರೆ ಈ ವಾರ್ಷಿಕ ವಾಚನಕ್ರಮವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡನು. ಇದರಿಂದ ಲೂಥರನ ಅನುಯಾಯಿಗಳ ದೇವಾಲಯಗಳಲ್ಲಿ ಪ್ರತಿ ಸಂವತ್ಸರವೂ ಅದೇ ಭಾನುವಾರದಂದು ಅದೇ ಸುವಾರ್ತೆ ಕೇಳಿಬರುತ್ತಿತ್ತು. ಪ್ರಸಂಗಿಯು ಅದನ್ನೇ ವ್ಯಾಖ್ಯಾನಿಸಬೇಕು. ಗಾಯಕನು ಅದಕ್ಕೆ ಹೊಂದುವುದನ್ನೇ ಹಾಡಿಸಬೇಕು. ಮುಂದಾಲೋಚನೆಗೆ ಇದೇ ಮೊದಲನೆಯ ಆಧಾರ. ಮುಂದೆ ಏನು ಬರುವುದೆಂಬುದು ತಿಳಿಯದ ಕಡೆ ಸಿದ್ಧತೆಯ ಮಾತೇ ಇಲ್ಲವಷ್ಟೆ.

ಆದರೆ ವಾಚನಗಳು ನಿಯತವಾದ ಮಾತ್ರಕ್ಕೆ ದಿನಗಳು ನಿಯತವಾದಂತಾಗಲಿಲ್ಲ. ಕ್ರಿಸ್ತಜಯಂತಿಯು ಡಿಸೆಂಬರ್ 25ಕ್ಕೆ ಸ್ಥಿರವಾಗಿದೆ. ಪುನರುತ್ಥಾನದ ಹಬ್ಬವಾದ ಈಸ್ಟರ್ ಹಾಗಲ್ಲ. ಅದು ವಸಂತವಿಷುವದ ಬಳಿಕ ಬರುವ ಹುಣ್ಣಿಮೆಯನ್ನು ಅನುಸರಿಸುವ ಭಾನುವಾರ. ಆದುದರಿಂದ ಮಾರ್ಚಿ 22ರಿಂದ ಏಪ್ರಿಲ್ 25ರವರೆಗೆ ಯಾವ ದಿನವಾದರೂ ಬರಬಹುದು. ಅದಕ್ಕೆ ಮುಂಚಿನ ಉಪವಾಸಕಾಲವೂ, ಅನಂತರದ ಸ್ವರ್ಗಾರೋಹಣ, ಪವಿತ್ರಾತ್ಮಾವತರಣ, ತ್ರಯೇಕತ್ವ ಎಂಬ ಹಬ್ಬಗಳೂ ಅದರೊಡನೆಯೇ ಹಿಂದೆ ಮುಂದೆ ಸರಿಯುತ್ತವೆ. ಈಸ್ಟರ್ ತಡವಾದರೆ ಜನವರಿ 6ರ ಹಬ್ಬದ ಮುಂದಿನ ಭಾನುವಾರಗಳ ಸಂಖ್ಯೆ ಹೆಚ್ಚುತ್ತದೆ. ಬೇಗ ಬಂದರೆ ತ್ರಯೇಕತ್ವದ ಹಬ್ಬದ ಮುಂದಿನ ಭಾನುವಾರಗಳು 27ರವರೆಗೂ ಬೆಳೆಯುತ್ತವೆ. ಅಂತು ಆರಾಧನೆಯ ಯೋಜನೆಗೆ ಪಂಚಾಂಗವೇ ತಳಹದಿ.

ಈ ಪಂಚಾಂಗದಲ್ಲಿಯೂ ಆ ಕಾಲದ ಜರ್ಮನಿಯಲ್ಲಿ ಏಕಾಭಿಪ್ರಾಯವಿರಲಿಲ್ಲ. ಹದಿಮೂರನೆಯ ಗ್ರೆಗರಿ ಪೋಪನು 1582ರಲ್ಲಿ ತಂದ ತಿದ್ದುಪಡಿಯನ್ನು ಪ್ರಾಟೆಸ್ಟಂಟ್ ಸಂಸ್ಥಾನಗಳು ಶತಮಾನಕ್ಕೂ ಹೆಚ್ಚು ಕಾಲ ಒಪ್ಪಲಿಲ್ಲ. ಕೊನೆಗೆ 1700ರಲ್ಲಿ ಫೆಬ್ರವರಿ 18ರ ಮರುದಿನವನ್ನು ಮಾರ್ಚಿ 1 ಎಂದು ಕರೆದು 11 ದಿನಗಳನ್ನು ಬಿಟ್ಟುಬಿಟ್ಟುವು. ಆಗಲೂ ಈಸ್ಟರ್ ಹುಣ್ಣಿಮೆಯನ್ನು ಪೋಪನ ಕೋಷ್ಟಕದಿಂದ ತೆಗೆದುಕೊಳ್ಳದೆ, ಕೆಪ್ಲರನ ಗ್ರಹಗಣಿತದಿಂದ ಸಾಧಿಸತಕ್ಕದ್ದೆಂದು ನಿರ್ಣಯಿಸಿದುವು. ವಾಕ್ಯಗಣಿತ ದೃಗ್ಗಣಿತಗಳ ಭೇದವನ್ನು ಬಲ್ಲ ವಾಚಕರಿಗೆ ಇದರ ಪರಿಣಾಮವನ್ನು ವಿವರಿಸಬೇಕಾದುದಿಲ್ಲ. 1724ರಲ್ಲಿ ಗ್ರಹಗಣಿತದ ಹುಣ್ಣಿಮೆ ಏಪ್ರಿಲ್ 8ರ ಶನಿವಾರಕ್ಕೂ, ಕೋಷ್ಟಕದ ಹುಣ್ಣಿಮೆ 9ರ ಭಾನುವಾರಕ್ಕೂ ಬಿದ್ದುವು. ಒಂದು ದಿನದ ಈ ವ್ಯತ್ಯಾಸದಿಂದ ಹಬ್ಬದಲ್ಲಿ ಒಂದು ವಾರದ ಅಂತರವುಂಟಾಯಿತು. ಪ್ರಾಟೆಸ್ಟಂಟರು ಏಪ್ರಿಲ್ 9ರಂದೂ, ಕ್ಯಾಥಲಿಕರು 16ರಂದೂ ಈಸ್ಟರನ್ನು ಆಚರಿಸಿದರು. ಲೈಪ್‌ಜಿಗ್ ಪ್ರಾಟೆಸ್ಟಂಟ್ ನಗರವಾದುದರಿಂದ ಬಾಖನು ಲೆಕ್ಕ ಹಾಕಬೇಕಾಗಿದ್ದುದು 9ನ್ನು ಹಿಡಿದು.

ಬಾಖನು ಈ ನಗರಕ್ಕೆ ಬಂದುದು 1723ರ ಮೇ ತಿಂಗಳಲ್ಲಿ. ಆಗ ಅವನಿಗೆ 38 ವರ್ಷ. ಸಂತ ತೋಮನ ಶಾಲೆಯಲ್ಲಿ ಕ್ಯಾಂಟರ್ ಆಗಿದ್ದ ಯೋಹಾನ್ ಕೂನೌ 1722ರಲ್ಲಿ ತೀರಿಕೊಂಡಿದ್ದನು. ಕ್ಯಾಂಟರನೆಂದರೆ ಶಾಲೆಯ ಸಂಗೀತಾಧ್ಯಾಪಕನು ಮಾತ್ರವಲ್ಲ. ನಗರದ ಮುಖ್ಯ ದೇವಾಲಯಗಳ ಸಂಗೀತಕ್ಕೂ ಅವನೇ ಹೊಣೆ. ನಗರಸಭೆಯು ಮೊದಲು ಆರಿಸಿದುದು ಹ್ಯಾಂಬರ್ಗಿನ ಟೆಲೆಮಾನನನ್ನು, ಅವನು ಒಲ್ಲೆನೆಂದನು. ತರುವಾಯ ಡಾರ್ಮ್‌ಸ್ಟಾಟಿನ ಗ್ರೌಪ್ನರನನ್ನು ಕರೆಯಿತು; ಅವನನ್ನು ಅವನ ಪ್ರಭುವು ಬಿಟ್ಟುಕೊಡಲಿಲ್ಲ. ಅನಂತರ ಏಪ್ರಿಲ್ 22ರಂದು ಬಾಖನನ್ನು ಚುನಾಯಿಸಲಾಯಿತು. ಶಾಲೆಯಲ್ಲಿ ಅವನದು ಮೂರನೆಯ ಸ್ಥಾನ. ಲ್ಯಾಟಿನ್ ಬೋಧನೆಯ ಭಾರವನ್ನು ತನ್ನ ಸಂಬಳದಿಂದ ವರ್ಷಕ್ಕೆ 50 ಟಾಲರುಗಳನ್ನು ತೆತ್ತು ಮತ್ತೊಬ್ಬ ಉಪಾಧ್ಯಾಯನಿಗೆ ವಹಿಸಿಕೊಟ್ಟನು. ಆದರೆ ನಾಲ್ಕು ವಾರಗಳಿಗೊಮ್ಮೆ ಛಾತ್ರಾಲಯದ ಮೇಲ್ವಿಚಾರಣೆ ತಪ್ಪಲಿಲ್ಲ. ಆ ವಾರದಲ್ಲಿ ಬೆಳಗಿನ ಜಾವದಲ್ಲಿ ಹುಡುಗರನ್ನು ಎಬ್ಬಿಸುವುದರಿಂದ ಹಿಡಿದು ರಾತ್ರಿ ದೀಪವಾರಿಸುವ ತನಕ ಅವರ ಶಿಸ್ತು ಅವನ ಪಾಲಿನದು. ಇಂದು ಜಗತ್ತೆಲ್ಲ ಕೊಂಡಾಡುವ ಆ ಸಂಗೀತವು ಹುಟ್ಟಿದುದು ಇಂಥ ಶಾಲೆಯ ಗದ್ದಲದ ನಡುವೆ.

ಅವನ ಮುಂದಿದ್ದ ಕಾರ್ಯದ ಪ್ರಮಾಣವನ್ನು ನೋಡಬೇಕು. ಲೈಪ್‌ಜಿಗ್ಗಿನಲ್ಲಿ ಸುವಾರ್ತೆಯ ವಾಚನವಾದ ಮೇಲೆ, ಪ್ರಸಂಗಕ್ಕೆ ಮುಂಚೆ, ಗಾಯಕರೂ ವಾದ್ಯಗಾರರೂ ಸೇರಿ ಒಂದು ದೊಡ್ಡ ಕೃತಿಯನ್ನು ನಿರ್ವಹಿಸುವ ಪದ್ಧತಿಯಿದ್ದಿತು. ಅದಕ್ಕೆ ಈಗ ಕ್ಯಾಂಟಾಟವೆಂದು ಹೆಸರು. ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳಷ್ಟು ದೀರ್ಘವಾದ ಈ ಕೃತಿಯು ಆ ದಿನದ ಸುವಾರ್ತೆಗೆ ಸಂಗೀತದಲ್ಲಿ ಬರೆದ ವ್ಯಾಖ್ಯಾನವಿದ್ದಂತೆ. ಭಾನುವಾರಗಳಲ್ಲದೆ, ಕ್ರಿಸ್ತಜಯಂತಿ, ಈಸ್ಟರ್, ಪವಿತ್ರಾತ್ಮಾವತರಣ ಇವುಗಳಿಗೆ ಮೂರು ಮೂರು ದಿನ. ಹೊಸ ವರ್ಷ, ಕನ್ಯಾ ಮರಿಯಳ ಮೂರು ಹಬ್ಬಗಳು, ಸ್ನಾನಿಕ ಯೋಹಾನನ ಹಬ್ಬ, ಮಿಕಾಯೇಲನ ಹಬ್ಬ, ನಗರಸಭೆಯ ಹೊಸ ಸದಸ್ಯರು ಅಧಿಕಾರವಹಿಸುವ ದಿನ. ಹೀಗೆ ವರ್ಷಕ್ಕೆ ಸುಮಾರು 60 ಕ್ಯಾಂಟಾಟಗಳು ಬೇಕಾಗುತ್ತಿದ್ದುವು. ಸಂತ ತೋಮನ ದೇವಾಲಯದಲ್ಲಿ ಒಂದು ವಾರವಾದರೆ ಸಂತ ನಿಕೊಲಾಸನ ದೇವಾಲಯದಲ್ಲಿ ಮರುವಾರ. ದೊಡ್ಡ ಹಬ್ಬಗಳಲ್ಲಿ ಬೆಳಿಗ್ಗೆ ಒಂದರಲ್ಲಿ, ಮಧ್ಯಾಹ್ನ ಮತ್ತೊಂದರಲ್ಲಿ ಅದೇ ಕೃತಿಯನ್ನು ಹಾಡಬೇಕು. ಶಾಲೆಯ ಹುಡುಗರು ನಾಲ್ಕು ಮೇಳಗಳಾಗಿ ನಾಲ್ಕು ದೇವಾಲಯಗಳಿಗೆ ಹಂಚಿಹೋಗುತ್ತಿದ್ದರು. ಬಾಖನು ಸ್ವತಃ ನಡೆಸುತ್ತಿದ್ದುದು ಮೊದಲನೆಯ ಮೇಳವನ್ನು.

ಈ ಚಕ್ರದಲ್ಲಿ ಉಸಿರಾಡಲು ಎರಡು ತಂಗುದಾಣಗಳಿದ್ದುವು. ಕ್ರಿಸ್ತಜಯಂತಿಗೆ ಮುಂಚಿನ ಆಗಮನಕಾಲದ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದ ಮೂರರಲ್ಲಿಯೂ, ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿಯೂ ಇಂಥ ಸಂಗೀತಕ್ಕೆ ಅವಕಾಶವಿರಲಿಲ್ಲ. ಜನರಿಗೆ ಅದು ಮೌನದ ಕಾಲ. ಬಾಖನಿಗೆ ಬರವಣಿಗೆಯ ಕಾಲ. 1724ರ ಡಿಸೆಂಬರಿನ ಲೆಕ್ಕ ಇದಕ್ಕೆ ಒಳ್ಳೆಯ ನಿದರ್ಶನ. ಡಿಸೆಂಬರ್ 3ರಂದು ಒಂದು ಕೃತಿ ನಡೆಯಿತು. 10, 17, 24 ಈ ಮೂರು ಭಾನುವಾರಗಳು ಬರಿದು. ಆಮೇಲೆ ಡಿಸೆಂಬರ್ 25, 26, 27, 31, ಜನವರಿ 1, 6, 7; ಹದಿನಾಲ್ಕು ದಿನಗಳ ಅವಧಿಯಲ್ಲಿ ಏಳು ಹೊಸ ಕೃತಿಗಳು. ಮೂರು ವಾರಗಳ ಮೌನವನ್ನು ವ್ಯರ್ಥವಾಗಿ ಕಳೆದಿದ್ದರೆ ಆ ಎರಡು ವಾರಗಳ ಗಾನ ಸಾಧ್ಯವಾಗುತ್ತಿರಲಿಲ್ಲ. ಇದಕ್ಕೆ ಹಿಂದೆ ವೈಮಾರಿನ ಅರಮನೆಯಲ್ಲಿದ್ದಾಗ, 1714ರಿಂದ, ಅವನು ನಾಲ್ಕು ವಾರಗಳಿಗೆ ಒಂದರಂತೆ ಕ್ಯಾಂಟಾಟವನ್ನು ರಚಿಸಬೇಕಾಗಿತ್ತು. ಇಲ್ಲಿಯ ವೇಗ ಅದಕ್ಕೆ ನಾಲ್ಕುಪಟ್ಟಿನದು. ಆದುದರಿಂದಲೇ ಅವನು ಬರಿಗೈಯಲ್ಲಿ ಬರಲಿಲ್ಲ. 1723ರ ಮೇ 30ರಂದು ನಿಕೊಲಾಸನ ದೇವಾಲಯದಲ್ಲಿ ನಡೆದ ಅವನ ಮೊದಲನೆಯ ಕೃತಿಯ ಹಸ್ತಪ್ರತಿಯು ಲೈಪ್‌ಜಿಗ್ಗಿನ ಕಾಗದದ ಮೇಲಿಲ್ಲ. ಊರು ಬಿಡುವ ಮೊದಲೇ ಅದು ಸಿದ್ಧವಾಗಿದ್ದಿರಬೇಕು.

ಒಂದು ಕೃತಿ ಹುಟ್ಟಿ ದೇವಾಲಯವನ್ನು ಸೇರುವವರೆಗಿನ ಹಂತಗಳು ಹಲವು. ಮೊದಲು ಸಾಹಿತ್ಯ ಬೇಕು. ಆ ಸಾಹಿತ್ಯವು ಧರ್ಮಾಧಿಕಾರಿಗಳಿಗೆ ಒಪ್ಪಿಗೆಯಾಗಬೇಕು. ಒಪ್ಪಿಗೆಯಾದುದನ್ನು ಕೆಲವು ವಾರಗಳಿಗೆ ಒಟ್ಟುಗೂಡಿಸಿ ಚಿಕ್ಕ ಪುಸ್ತಿಕೆಯಾಗಿ ಅಚ್ಚುಮಾಡಿಸಿ ಜನರಿಗೆ ಮಾರುತ್ತಿದ್ದರು; ಕೇಳುವವರು ಅದನ್ನು ಕೈಯಲ್ಲಿ ಹಿಡಿದು ಹಾಡನ್ನು ಅನುಸರಿಸುತ್ತಿದ್ದರು. ಇಂಥ ಪುಸ್ತಿಕೆಗಳಲ್ಲಿ ಕೆಲವು ರಷ್ಯ ದೇಶದ ಸೇಂಟ್ ಪೀಟರ್ಸ್‌ಬರ್ಗಿನ ಗ್ರಂಥಾಲಯದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊರೆತುವು. ಪುಸ್ತಿಕೆಯೊಂದು ಅಚ್ಚಾಯಿತೆಂದರೆ ಮುಂದಿನ ಹಲವು ವಾರಗಳ ಆರಾಧನೆಯ ವಸ್ತು ನಿಶ್ಚಯವಾಯಿತೆಂದೇ ಅರ್ಥ. ಆಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಹೀಗೆ ಅಚ್ಚಿನ ಮೊಳೆಯು ಬಾಖನ ಯೋಜನೆಗೆ ಬಿದ್ದ ಮೊದಲ ಕಟ್ಟು.

ಎರಡನೆಯ ಹಂತ ಸ್ವರರಚನೆ. ಹಸ್ತಪ್ರತಿಗಳ ತಲೆಯಲ್ಲಿ, ಶ್ರೀಕಾರವಿದ್ದಂತೆ, ಯೇಸುವಿನ ಸಹಾಯವನ್ನು ಬೇಡುವ ಎರಡಕ್ಷರಗಳೂ, ಕೊನೆಯಲ್ಲಿ ಮಹಿಮೆಯೆಲ್ಲ ದೇವರೊಬ್ಬನಿಗೇ ಎಂಬ ಅರ್ಥದ ಮೂರಕ್ಷರಗಳೂ ಕಾಣಬರುತ್ತವೆ. ಇವೆರಡರ ನಡುವಿನದೆಲ್ಲ ತ್ವರೆಯ ಬರವಣಿಗೆ. ಪುಟವು ತುಂಬಿದಾಗ, ಮಸಿ ಒಣಗುವ ತನಕ ಹಾಳೆಯನ್ನು ಮಗುಚುವಂತಿರಲಿಲ್ಲ. ಅಷ್ಟರಲ್ಲಿ ಮುಂದಿನ ಪುಟದ ಆರಂಭವು ಮರೆತುಹೋಗದಿರಲೆಂದು ಅದನ್ನು ಆ ಪುಟದ ಅಡಿಯಲ್ಲಿಯೇ ಗುರುತಿಸಿಟ್ಟುಕೊಂಡಿರುವುದನ್ನು ಅನೇಕ ಕಡೆ ನೋಡಬಹುದು. ಮುಂದಾಲೋಚನೆಯೆಂಬುದು ವರ್ಷದ ಮಟ್ಟದಲ್ಲಿ ಮಾತ್ರವಲ್ಲ, ಮಸಿಯೊಣಗುವ ಕ್ಷಣದ ಮಟ್ಟದಲ್ಲಿಯೂ ಅವನಿಗೆ ಅಭ್ಯಾಸವಾಗಿತ್ತು.

ಮೂರನೆಯದು ಪ್ರತಿಲೇಖನ. ಒಬ್ಬೊಬ್ಬ ಗಾಯಕನಿಗೂ, ಒಂದೊಂದು ವಾದ್ಯಕ್ಕೂ ಅವರವರ ಭಾಗವನ್ನು ಬೇರೆ ಬೇರೆಯಾಗಿ ಬರೆದುಕೊಡಬೇಕು. ಲೈಪ್‌ಜಿಗ್ಗಿನ ಆರ್ಗನ್ ವಾದ್ಯಗಳ ಶ್ರುತಿಯು ಇತರ ವಾದ್ಯಗಳಿಗಿಂತ ಒಂದು ಪೂರ್ಣಸ್ವರದಷ್ಟು ಎತ್ತರವಾಗಿದ್ದುದರಿಂದ ಆರ್ಗನ್ನಿನವನ ಹಾಳೆಯನ್ನು ಅಷ್ಟೇ ಕೆಳಗಿಳಿಸಿ ಬರೆಯಬೇಕು. ಶಾಲೆಯ ಹುಡುಗರೂ, ಬಾಖನ ಪತ್ನಿ ಆನಾ ಮಗ್ದಲೇನಳೂ, ಮುಂದೆ ಮಕ್ಕಳೂ ಈ ಕಾರ್ಯದಲ್ಲಿ ಕೈಯಿಟ್ಟರು. ಹಿಂದಿನ ಕ್ಯಾಂಟರನ ಬಂಧುವಾದ ಒಬ್ಬ ವಿದ್ಯಾರ್ಥಿಯ ಅಕ್ಷರವು ಆ ಮೊದಲ ವರ್ಷಗಳ ಹಾಳೆಗಳಲ್ಲಿ ಎಡೆಬಿಡದೆ ಬರುತ್ತದೆ. ಕಡೆಯದು ಆರಾಧನೆಯ ಕ್ರಮ. 1714ರಲ್ಲಿ ವೈಮಾರಿನಲ್ಲಿ ರಚಿಸಿದ್ದ ಆಗಮನಕಾಲದ ಒಂದು ಕ್ಯಾಂಟಾಟವನ್ನು 1723ರಲ್ಲಿ ಮತ್ತೆ ಹಾಡಿಸುವಾಗ, ಯಾವುದಾದ ಮೇಲೆ ಯಾವುದು, ಎಲ್ಲಿ ಆರ್ಗನ್, ಎಲ್ಲಿ ವಾಚನ, ಎಲ್ಲಿ ಪ್ರಸಂಗ ಎಂಬುದನ್ನು ಬಾಖನು ಆ ಹಸ್ತಪ್ರತಿಯ ಹೊದಿಕೆಯ ಒಳಮೈಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಹೊಸ ಊರಿಗೆ ಬಂದು ಆರು ತಿಂಗಳಾಗಿದ್ದರೂ ನೆನಪನ್ನೇ ನಂಬಿ ಕುಳಿತುಕೊಳ್ಳಲಿಲ್ಲ.

ಇಷ್ಟು ಎಚ್ಚರಿಕೆಯಿದ್ದರೂ ಯೋಜನೆಯು ಮುರಿದ ಪ್ರಸಂಗಗಳುಂಟು. ಶುಭ ಶುಕ್ರವಾರದ ಸಂಜೆಯ ಆರಾಧನೆಯಲ್ಲಿ ಕ್ರಿಸ್ತನ ಶ್ರಮೆಗಳ ಚರಿತ್ರೆಯನ್ನು ಮೇಳದೊಡನೆ ಹಾಡುವ ವಾಡಿಕೆ 1721ರಲ್ಲಿ ತೋಮನ ದೇವಾಲಯದಲ್ಲಿ ಆರಂಭವಾಗಿತ್ತು. ಬಾಖನು ಲೈಪ್‌ಜಿಗ್ಗಿನ ತನ್ನ ಮೊದಲನೆಯ ಶುಭ ಶುಕ್ರವಾರಕ್ಕೆಂದು, ಅಂದರೆ 1724ರ ಏಪ್ರಿಲ್ 7ಕ್ಕೆಂದು, ಯೋಹಾನನ ಸುವಾರ್ತೆಯ ಶ್ರಮಾಚರಿತ್ರೆಯನ್ನು ಸಿದ್ಧಪಡಿಸಿದನು. ಅದು ತೋಮನ ದೇವಾಲಯದಲ್ಲಿ ನಡೆಯುವುದೆಂದು ಪುಸ್ತಿಕೆಯೂ ಅಚ್ಚಾಯಿತು. ಆದರೆ ಆ ವರ್ಷದ ಸರದಿ ನಿಕೊಲಾಸನ ದೇವಾಲಯದ್ದೆಂದು ನಗರಸಭೆ ತಗಾದೆ ಮಾಡಿತು. ಏಪ್ರಿಲ್ 3ರಂದು, ಉತ್ಸವಕ್ಕೆ ನಾಲ್ಕೇ ದಿನಗಳು ಉಳಿದಿರುವಾಗ, ಬಾಖನು ಒಪ್ಪಿಕೊಳ್ಳಬೇಕಾಯಿತು. ಆದರೆ ತನ್ನ ಅಡಚಣೆಗಳನ್ನು ಮುಂದಿಡದೆ ಬಿಡಲಿಲ್ಲ: ಪುಸ್ತಿಕೆ ಅಚ್ಚಾಗಿಹೋಗಿದೆ, ಅಲ್ಲಿನ ಗಾಯಕರ ಅಂತಸ್ತಿನಲ್ಲಿ ಸ್ಥಳ ಸಾಲದು, ಹಾರ್ಪ್ಸಿಕಾರ್ಡ್ ದುರಸ್ತಾಗಬೇಕು. ನಗರಸಭೆಯು ಸ್ಥಳಾಂತರದ ಪ್ರಕಟನೆಯನ್ನು ಅಚ್ಚುಮಾಡಿಸಲೂ, ಅಂತಸ್ತಿನಲ್ಲಿ ಅನುಕೂಲ ಮಾಡಿಸಲೂ, ವಾದ್ಯವನ್ನು ದುರಸ್ತುಮಾಡಿಸಲೂ ಒಪ್ಪಿತು. ಎರಡು ಗಂಟೆಗಳಷ್ಟು ದೀರ್ಘವಾದ ಆ ಮಹಾಕೃತಿಯ ಮೊದಲ ಗಾನ ಹೀಗೆ ನಡೆಯಿತು. ಅಂದು ಕೇಳಿದವರಿಗೆ ಈ ನಾಲ್ಕು ದಿನಗಳ ಒದ್ದಾಟದ ಸುಳಿವು ಎಷ್ಟು ಹತ್ತಿದ್ದೀತು!

ಎರಡನೆಯ ವರ್ಷದ ಯೋಜನೆ ಮೊದಲನೆಯದಕ್ಕಿಂತ ಗಂಭೀರವಾದುದು. 1724ರ ಜೂನ್ 11ರಿಂದ, ಅಂದರೆ ತ್ರಯೇಕತ್ವದ ಹಬ್ಬದ ಮುಂದಿನ ಮೊದಲನೆಯ ಭಾನುವಾರದಿಂದ, ಪ್ರತಿಯೊಂದು ಕ್ಯಾಂಟಾಟವನ್ನೂ ಲೂಥರನ ಸಭೆಯ ಜನರು ಬಾಲ್ಯದಿಂದ ಬಲ್ಲ ಒಂದೊಂದು ಭಕ್ತಿಗೀತದ ಮೇಲೆ ಕಟ್ಟತಕ್ಕದ್ದೆಂದು ಬಾಖನು ಸಂಕಲ್ಪಿಸಿದನು. ಗೀತದ ಮೊದಲ ಮತ್ತು ಕೊನೆಯ ಚರಣಗಳು ಹಾಗೆಯೇ ಇರಬೇಕು. ನಡುವಣ ಚರಣಗಳನ್ನು ಒಬ್ಬ ಕವಿಯು ಬೇರೆ ಛಂದಸ್ಸಿಗೆ ಮಾರ್ಪಡಿಸಿಕೊಡಬೇಕು. ಇದು ವಾರವಾರವೂ ತೋಚಿದಂತೆ ನಡೆಸಿದ ಕೆಲಸವಲ್ಲವೆಂಬುದಕ್ಕೆ ಮೊದಲ ನಾಲ್ಕು ಕೃತಿಗಳೇ ಸಾಕ್ಷಿ. ಜೂನ್ 11ರ ಕೃತಿಯಲ್ಲಿ ಗೀತದ ಮೂಲರಾಗವನ್ನು ಅತ್ಯುಚ್ಚ ಕಂಠವಾದ ಸೊಪ್ರಾನೊ ಹಾಡುತ್ತದೆ, 18ರದರಲ್ಲಿ ಆಲ್ಟೊ, 24ರದರಲ್ಲಿ ಟೆನರ್, 25ರದರಲ್ಲಿ ಮಂದ್ರಕಂಠವಾದ ಬಾಸ್. ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಇಳಿದುಬರುವ ಈ ಏರ್ಪಾಡು, ನಾಲ್ಕನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡವನಿಗಲ್ಲದೆ ಸಾಧ್ಯವಿಲ್ಲ. ಕಡೆಯ ಎರಡು ಒಂದರ ಮರುದಿನವೇ ಮತ್ತೊಂದಾಗಿ ಬಂದುವೆಂಬುದನ್ನೂ ಗಮನಿಸಬೇಕು.

ಹೀಗೆ ಸುಮಾರು 40 ಕೃತಿಗಳು ಸಾಲಾಗಿ ಹೊರಬಂದುವು. 1725ರ ಮಾರ್ಚಿ 25ರಂದು ಮರಿಯಳಿಗೆ ದೇವದೂತನು ಶುಭವಾರ್ತೆ ತಂದ ಹಬ್ಬವೂ ಗರಿಗಳ ಭಾನುವಾರವೂ ಒಟ್ಟಿಗೆ ಕೂಡಿದುವು. ಅಂದಿನ ಕೃತಿಯೇ ಆ ಸಾಲಿನ ಕೊನೆಯದು. ವರ್ಷ ಪೂರ್ತಿಯಾಗಲು ಇನ್ನು ಎರಡೇ ತಿಂಗಳಿದ್ದಾಗ ಸಂಕಲ್ಪ ಭಗ್ನವಾಯಿತು. ಕಾರಣವು ಯಾವ ದಾಖಲೆಯಲ್ಲಿಯೂ ಇಲ್ಲ. ಆದರೆ ವಿದ್ವಾಂಸರು ಒಂದು ಊಹೆಯನ್ನು ಮಾಡಿದ್ದಾರೆ. ಆ ಶಾಲೆಯಲ್ಲಿ ಹಿಂದೆ ಉಪಮುಖ್ಯೋಪಾಧ್ಯಾಯನಾಗಿದ್ದ ಆಂಡ್ರಿಯಾಸ್ ಸ್ಟ್ಯೂಬೆಲ್ ಎಂಬಾತನು 1725ರ ಜನವರಿಯಲ್ಲಿ ತೀರಿಕೊಂಡನು. ಗೀತಗಳನ್ನು ಮಾರ್ಪಡಿಸಿಕೊಡುತ್ತಿದ್ದ ಕವಿ ಅವನೇ ಆಗಿದ್ದರೆ, ಉಪವಾಸಕಾಲದ ಪೂರ್ವದಲ್ಲಿಯೇ ಅವನು ಒಪ್ಪಿಸಿದ್ದ ಸಾಹಿತ್ಯವು ಮಾರ್ಚಿಯವರೆಗೆ ಸಾಕಾಗಿ ಅಲ್ಲಿಗೆ ಮುಗಿದಿರಬೇಕು. ಊಹೆಯು ನಿಜವಾದರೆ, ತೀರಿಕೊಂಡವನ ಮುನ್ಸಿದ್ಧತೆಯಿಂದ ಎರಡು ತಿಂಗಳ ಆರಾಧನೆ ನಡೆದಂತಾಯಿತು. ನಿಜವೋ ಅಲ್ಲವೋ, ಭಾನುವಾರಗಳಂತೂ ನಿಲ್ಲಲಿಲ್ಲ. ಏಪ್ರಿಲ್ 22ರಿಂದ ಲೈಪ್‌ಜಿಗ್ಗಿನ ಕವಯಿತ್ರಿ ಕ್ರಿಸ್ಟಿಯಾನ ಮರಿಯಾನ ಫಾನ್ ತ್ಸೀಗ್ಲರಳ ಸಾಹಿತ್ಯವನ್ನು ತೆಗೆದುಕೊಂಡು ಬಾಖನು ಒಂಬತ್ತು ಕೃತಿಗಳಿಂದ ಆ ವರ್ಷವನ್ನು ದಡ ಮುಟ್ಟಿಸಿದನು. 1726ರಲ್ಲಿ ತನ್ನ ಬಂಧುವಾದ ಮೈನಿಂಗನ್ನಿನ ಯೋಹಾನ್ ಲೂಡ್ವಿಗ್ ಬಾಖನ 18 ಕೃತಿಗಳನ್ನು ಹಾಡಿಸಿದನು. ಎಲ್ಲವನ್ನೂ ತಾನೇ ರಚಿಸಬೇಕೆಂಬ ಅಭಿಮಾನಕ್ಕಿಂತ ಆರಾಧನೆ ಬರಿದಾಗಬಾರದೆಂಬ ಹೊಣೆ ಅವನಿಗೆ ದೊಡ್ಡದಾಗಿತ್ತು.

ಇಂಥವನಿಗೆ ದೊರೆತ ಮರ್ಯಾದೆ ಎಷ್ಟು? 1730ರ ಆಗಸ್ಟ್ 2ರಂದು ನಗರಸಭೆಯಲ್ಲಿ ಕ್ಯಾಂಟರನ ಮೇಲೆ ದೂರು ಬಂದಿತು. ಪಾಠಗಳನ್ನು ಸರಿಯಾಗಿ ನಡೆಸುತ್ತಿಲ್ಲ, ಅಪ್ಪಣೆಯಿಲ್ಲದೆ ಊರು ಬಿಟ್ಟಿದ್ದನು, ಕೆಲಸ ಮಾಡಲು ಮನಸ್ಸಿಲ್ಲ ಎಂದು ಸದಸ್ಯರು ಆಡಿಕೊಂಡರು. ಅದೇ ತಿಂಗಳ 23ರಂದು ಬಾಖನು ಒಂದು ವಿಜ್ಞಾಪನೆಯನ್ನು ಬರೆದನು. ಅದರಲ್ಲಿ ವಾಗ್ವಾದವಿಲ್ಲ, ಲೆಕ್ಕವಿದೆ. ಒಂದೊಂದು ಮೇಳಕ್ಕೆ ಕನಿಷ್ಠ 12, ಸಾಧ್ಯವಾದರೆ 16 ಗಾಯಕರು ಬೇಕು. ಯಾರಾದರೂ ಕಾಯಿಲೆ ಬಿದ್ದರೂ ಆರಾಧನೆ ಕೆಡಬಾರದು. ಶಾಲೆಯ ಹುಡುಗರಲ್ಲಿ ಯೋಗ್ಯರು 17 ಮಂದಿ. ಇನ್ನೂ ಪಳಗಬೇಕಾದವರು 20. ಸಂಗೀತಕ್ಕೆ ಒದಗದವರು 17. ನಗರದಿಂದ ಸಂಬಳ ಪಡೆಯುವ ವಾದ್ಯಗಾರರು ಎಂಟೇ ಮಂದಿ, ಅವರಲ್ಲಿ ಒಬ್ಬನು ಇನ್ನೂ ಶಿಷ್ಯ. ಮುಂದಿನ ವರ್ಷಗಳ ಸಂಗೀತವು ಇಂದು ಸೇರಿಸಿಕೊಳ್ಳುವ ಹುಡುಗರನ್ನು ಅವಲಂಬಿಸಿದೆಯೆಂಬುದೇ ಆ ವಿಜ್ಞಾಪನೆಯ ಸಾರ. ಅದಕ್ಕೆ ನಗರಸಭೆ ಕೊಟ್ಟ ಉತ್ತರವೊಂದೂ ಉಳಿದುಬಂದಿಲ್ಲ.

ಆದಾಗ್ಯೂ ಅವನ ಯೋಜನಾಶಕ್ತಿ ಕುಗ್ಗಲಿಲ್ಲ. 1734ರ ಕ್ರಿಸ್ತಜಯಂತಿಗೆ ಆರು ಭಾಗಗಳ ಒಂದೇ ಮಹಾಕೃತಿಯನ್ನು ಅಣಿಮಾಡಿ, ಡಿಸೆಂಬರ್ 25, 26, 27, 1735ರ ಜನವರಿ 1, 2, 6 ಈ ಆರು ದಿನಗಳಿಗೆ ಒಂದೊಂದು ಭಾಗವನ್ನು ಹಂಚಿದನು. ಅರಸುಮನೆತನದ ಉತ್ಸವಗಳಿಗೆ ಒಂದೇ ಸಲ ಹಾಡಿ ಮುಗಿದುಹೋಗಬಹುದಾಗಿದ್ದ ತನ್ನ ಹಳೆಯ ಸಂಗೀತವನ್ನು ಹೊಸ ಸಾಹಿತ್ಯಕ್ಕೆ ಹೊಂದಿಸಿ, ವರ್ಷವರ್ಷವೂ ಮರಳಿ ಬರುವ ಹಬ್ಬದಲ್ಲಿ ಅದಕ್ಕೆ ಸ್ಥಿರವಾದ ನೆಲೆಯನ್ನು ಕೊಟ್ಟನು. ಆದರೆ 1739ರ ಮಾರ್ಚಿಯಲ್ಲಿ, ಶುಭ ಶುಕ್ರವಾರದ ಗಾನವನ್ನು ಅಪ್ಪಣೆ ಬರುವ ತನಕ ನಡೆಸಕೂಡದೆಂದು ನಗರಸಭೆಯ ಗುಮಾಸ್ತನು ಬಂದು ತಿಳಿಸಿದಾಗ, ಅದರಿಂದ ತನಗೇನೂ ಲಾಭವಿಲ್ಲವೆಂದೂ ಅದೊಂದು ಭಾರವೇ ಎಂದೂ ಬಾಖನು ಉತ್ತರ ಕೊಟ್ಟನೆಂದು ದಾಖಲೆಯಿದೆ. ಹದಿನಾರು ವರ್ಷಗಳ ದಣಿವು ಆ ಒಂದು ಮಾತಿನಲ್ಲಿದೆ.

ಬಾಖನು 1750ರ ಜುಲೈ 28ರಂದು ದೈವಾಧೀನನಾದನು. ಅವನು ಐದು ಸಂವತ್ಸರಗಳಿಗೆ ಸಾಲುವಷ್ಟು ದೇವಾಲಯಕೃತಿಗಳನ್ನು ರಚಿಸಿದನೆಂದು 1754ರಲ್ಲಿ ಅಚ್ಚಾದ ಚರಮಲೇಖನ ಹೇಳುತ್ತದೆ. ಇಂದು ಉಳಿದಿರುವುವು ಸುಮಾರು 200. ಹಸ್ತಪ್ರತಿಗಳು ಮಕ್ಕಳಲ್ಲಿ ಹಂಚಿಹೋಗಿ ಎಷ್ಟೋ ಭಾಗ ನಷ್ಟವಾಯಿತು. ಆದರೆ ಭಕ್ತಿಗೀತಗಳ ಆ ಎರಡನೆಯ ವರ್ಷದ ಹಾಳೆಗಳನ್ನು ಆನಾ ಮಗ್ದಲೇನಳು 1750ರಲ್ಲಿ ಶಾಲೆಗೇ ಒಪ್ಪಿಸಿದಳು. ಗಾಯಕರಿಗೂ ವಾದ್ಯಗಾರರಿಗೂ ಬೇರೆ ಬೇರೆಯಾಗಿ ಬರೆದ ಆ ಹಾಳೆಗಳು ಹಾಗೆಯೇ ಉಳಿದುವು. 1756ರಲ್ಲಿ ಕ್ಯಾಂಟರನಾದ ಡೋಲೆಸನು ಅವುಗಳಲ್ಲಿ ಕೆಲವನ್ನು ಮತ್ತೆ ಹಾಡಿಸಿದನು.

ಕುತೂಹಲದ ಸಂಗತಿಯೆಂದರೆ, ಬಾಖನ ಈ ಯೋಜನೆಯೇ ಇನ್ನೂರು ವರ್ಷಗಳ ಕಾಲ ಜನರಿಗೆ ತಿಳಿದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಚರಿತ್ರಕಾರನಾದ ಫಿಲಿಪ್ ಸ್ಪಿಟ್ಟನು ಈ ಗೀತಾಧಾರಿತ ಕೃತಿಗಳಲ್ಲಿ ಹೆಚ್ಚಿನವನ್ನು 1735ರಿಂದ 1744ರವರೆಗೆ ಹರಡಿ, ಅವು ವೃದ್ಧಾಪ್ಯದ ನಿಧಾನವಾದ ಫಲವೆಂದು ತಿಳಿದಿದ್ದನು. 1950ರ ದಶಕದಲ್ಲಿ ಆಲ್ಫ್ರೆಡ್ ಡ್ಯೂರ್ ಮತ್ತು ಗೇಯಾರ್ಗ್ ಫಾನ್ ಡಾಡೆಲ್ಸನ್ ಎಂಬ ವಿದ್ವಾಂಸರು ಕಾಗದದ ನೀರ್ಗುರುತುಗಳನ್ನೂ ಪ್ರತಿಲೇಖಕರ ಅಕ್ಷರಗಳನ್ನೂ ಒಂದಕ್ಕೊಂದು ತಾಳೆನೋಡಿ, ಅವೆಲ್ಲ 1724 ಜೂನ್‌ನಿಂದ 1725 ಮಾರ್ಚಿಯವರೆಗೆ ವಾರದ ಮೇಲೆ ವಾರ ಹುಟ್ಟಿದುವೆಂದು ಸ್ಥಾಪಿಸಿದರು. ಮಹಾಪುರುಷನ ಸ್ಫೂರ್ತಿಯ ಕಾಲವನ್ನು ನಿರ್ಣಯಿಸಿಕೊಟ್ಟುದು ಮುಖ್ಯವಾಗಿ ಶಾಲೆಯ ಹುಡುಗರ ಕೈಬರಹ.

ಈ ವೃತ್ತಾಂತದಿಂದ ವಿದಿತವಾಗುವ ತತ್ತ್ವವು ಸರಳವಾದುದು. ನಿಯತವಾದ ಆರಾಧನೆಗೆ ಮುಂದಾಲೋಚನೆ ಬೇಕು. ಆದರೆ ಮುಂದಾಲೋಚನೆಯು ಮುಂದಿನದನ್ನು ವಶಪಡಿಸಿಕೊಡುವುದಿಲ್ಲ. ದೇವಾಲಯ ಬದಲಾಗಬಹುದು, ಕವಿ ಸಾಯಬಹುದು, ಅಧಿಕಾರಿಗಳು ಅಪ್ಪಣೆಯನ್ನು ತಡೆಯಬಹುದು. ಆಗ ಕೈಹಿಡಿಯುವುದು ಮೊದಲೇ ಮಾಡಿಟ್ಟ ಕೆಲಸ. 1724ರ ಡಿಸೆಂಬರಿನ ಆ ಮೂರು ಮೌನದ ಭಾನುವಾರಗಳಲ್ಲಿ ಲೈಪ್‌ಜಿಗ್ಗಿನ ಜನರು ವಾದ್ಯಗಳಿಲ್ಲದ ಆರಾಧನೆಯನ್ನು ಮುಗಿಸಿಕೊಂಡು ಮನೆಗೆ ಹಿಂದಿರುಗುತ್ತಿದ್ದಾಗ, ತೋಮನ ಶಾಲೆಯ ಒಂದು ಕೊಠಡಿಯಲ್ಲಿ ಒಬ್ಬ ಅಧ್ಯಾಪಕನೂ ನಾಲ್ಕಾರು ಹುಡುಗರೂ ಮಸಿಯೊಣಗುವುದನ್ನು ಕಾಯುತ್ತ ಕುಳಿತಿದ್ದಿರಬೇಕು.